ನಿಂಬೆಹಣ್ಣಿನಷ್ಟು ಹೊಟ್ಟೆ

ನಮ್ಮ ಕಡೆ ಊಟಕ್ಕೆ ಕೂತವರು ‘ಸಾಕು’ ಎಂದರೆ ನೀಡುವವರ ಕಿವಿಗೆ ಅದು ಬೀಳುವುದಿಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗಿದಾಗಲೇ ಒಂದಿಷ್ಟು ನಂಬುತ್ತಾರೆ. ಆಗಲೂ ಕೈಸಂದಿಯಿಂದ ಒಂದು ಹೋಳಿಗೆ ಜಾರಿ ಬೀಳುವುದುಂಟು. ಆಳಂದದ ನಮ್ಮ ತವರಲ್ಲೂ ಹೀಗೆಯೇ, ಅಕ್ಕನನ್ನು ಕೊಟ್ಟ ಅಫಜಲಪುರದಲ್ಲೂ ಹೀಗೆಯೇ. ಜೇವರ್ಗಿಯ ಸೋದರತ್ತೆಯ ಮನೆಯಲ್ಲಂತೂ ಇನ್ನೂ ಒಂದು ಕೈ ಮೇಲು.

ಇಂಥ ಸೀಮೆಯಲ್ಲಿ ನಮ್ಮಕ್ಕ ಹೊಟ್ಟೆ ಚಿಕ್ಕದು ಮಾಡಿಸಿಕೊಂಡು ಬಂದಳು. ಮೈಭಾರದ ಜೊತೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿದರು. ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ, ನಿಂಬೆಹಣ್ಣಿನಷ್ಟು ಚೀಲ ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುವುದು ಅದರ ರೀತಿ. ಆರು ತಿಂಗಳಲ್ಲಿ ಅಕ್ಕ ಇಳಿದಳು, ಸಕ್ಕರೆಯೂ ಇಳಿಯಿತು. ಅಷ್ಟರಲ್ಲಿ ಎಳ್ಳಮಾಸೆ ಬಂತು.

ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಬೇವಿನ ಮರದ ನೆರಳಿಗೆ ಕೂತಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಅಕ್ಕನ ಅತ್ತೆ, “ವರ್ಷದ ಹಬ್ಬ ಅದ, ಒಂದ್ ಹೋಳಿಗಿ ತಿಂದ್ರ ಏನ್ ಆಗ್ತದವ್ವ?” ಎಂದು ತುಪ್ಪ ಸುರಿದು ನೀಡಿದರು. ಹಿರಿಯರ ಮಾತು ಮೀರಲಾರದೆ ತಿಂದಳು. ಗಂಟಲು ಒಣಗಿತೆಂದು ಒಂದು ಚೊಂಬು ನೀರೂ ಕುಡಿದಳು. ಇಪ್ಪತ್ತು ನಿಮಿಷ ಆಗಿರಲಿಲ್ಲ, ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಎದ್ದು ಜೋಳದ ಹೊಲದ ಮರೆಗೆ ಓಡಿದಳು. ಮರುದಿನ ಓಣಿಯ ತುಂಬ ಒಂದೇ ಮಾತು: “ಆಪರೇಶನ್ ಕೆಟ್ಟದಂತ.” ಅಕ್ಕ ಫೋನಿನಲ್ಲಿ ಅತ್ತಳು: “ತಂಗಿ, ನಾ ಇನ್ನ ಯಾರ ಮನಿಗೂ ಊಟಕ್ಕ ಹೋಗಂಗಿಲ್ಲ.”

ಅವಳ ಅಳು ನನ್ನನ್ನು ಓದಲು ಹಚ್ಚಿತು. ಚಿಕ್ಕ ಹೊಟ್ಟೆಯ ಕಥೆ ನೂರು ವರ್ಷಕ್ಕಿಂತ ಹಳೆಯದೆಂದು ಆಗ ತಿಳಿಯಿತು.

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋತ್ ಎಂಬ ವೈದ್ಯ, ಕ್ಯಾನ್ಸರ್ ಆಗಿದ್ದ ಒಬ್ಬ ಹೆಣ್ಣುಮಗಳ ಜಠರದ ಒಂದು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದ. ಆಕೆಗೆ 43 ವರ್ಷ. ಆಮೇಲೆ ಆಕೆಗೆ ಕೊಟ್ಟ ಆಹಾರ ಯಾವುದು ಗೊತ್ತೆ? ಹುಳಿ ಹಾಲು, ಅದೂ ಹೊತ್ತುಹೊತ್ತಿಗೆ ಒಂದೊಂದೇ ಚಮಚ. ಬಾಣಂತಿಗೂ ಜ್ವರ ಬಂದವರಿಗೂ ನಮ್ಮವ್ವ ಗುಟುಕು ಗುಟುಕಾಗಿ ತಿಳಿ ಕುಡಿಸುತ್ತಿದ್ದುದು ನನಗೆ ನೆನಪಾಯಿತು. ಆ ಹೆಣ್ಣುಮಗಳು ಸುಮಾರು ನಾಲ್ಕು ತಿಂಗಳಿಗೆ ಅದೇ ಕ್ಯಾನ್ಸರ್ ಮರುಕಳಿಸಿ ತೀರಿಕೊಂಡಳು. ಆದರೆ ಜಠರ ಕಡಿಮೆ ಆದರೂ ಮನುಷ್ಯ ಉಣ್ಣಬಲ್ಲ ಎಂಬುದನ್ನು ಜಗತ್ತಿಗೆ ತೋರಿಸಿ ಹೋದಳು.

ಮುಂದೆ ಹುಣ್ಣಿನ ರೋಗಿಗಳಿಗೂ ಇಂಥ ಶಸ್ತ್ರಚಿಕಿತ್ಸೆ ನಡೆದವು. ಅವರಲ್ಲಿ ಕೆಲವರು ಉಂಡ ಸ್ವಲ್ಪ ಹೊತ್ತಿಗೆ ಬೆವರಿ, ತಲೆ ಸುತ್ತಿ ಮಲಗುತ್ತಿದ್ದರು. 1922ರಲ್ಲಿ ಇದಕ್ಕೆ ‘ಡಂಪಿಂಗ್’ ಎಂಬ ಹೆಸರು ಬಂತು. ಗಾಡಿಯ ಹೇರನ್ನು ಒಮ್ಮೆಲೇ ಸುರಿದ ಹಾಗೆ ಎಂದರ್ಥ. ಸಿಹಿಯೂಟ ಜಠರದಲ್ಲಿ ನಿಲ್ಲದೆ ಕರುಳಿಗೆ ಸುರಿಯುತ್ತದೆ, ಅಲ್ಲಿ ರಕ್ತದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ರಕ್ತದ ಸಕ್ಕರೆ ಇಳಿದು ಕೈಕಾಲು ನಡುಗುವುದೂ ಉಂಟು. ನಮ್ಮಕ್ಕನಿಗೆ ಬೇವಿನ ಮರದ ಕೆಳಗೆ ಆದದ್ದು ಇದೇ. ಆಪರೇಶನ್ ಕೆಟ್ಟಿರಲಿಲ್ಲ.

ಹುಣ್ಣಿಗಾಗಿ ಜಠರ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪ ಆಗುವುದಿಲ್ಲ ಎಂಬುದನ್ನು ಗಮನಿಸಿದ ಅಮೆರಿಕದ ಅಯೋವಾದ ಡಾ. ಎಡ್ವರ್ಡ್ ಮೇಸನ್, 1966ರಲ್ಲಿ ಮೈಭಾರ ಇಳಿಸಲೆಂದೇ ಬೈಪಾಸ್ ಮಾಡತೊಡಗಿದರು. ಅಕ್ಕನಿಗಾದದ್ದು ಅದರದೇ ಸುಧಾರಿಸಿದ ರೂಪ.

ಆಮೇಲೆ ನಾವಿಬ್ಬರೂ ಕೂತು, ವೈದ್ಯರು ಕೊಟ್ಟ ಚೀಟಿಯನ್ನು ನಮ್ಮ ಅಡುಗೆಮನೆಯ ಭಾಷೆಗೆ ತಿರುಗಿಸಿದೆವು. ಆಪರೇಶನ್ ಆದ ಮೊದಲ ದಿನಗಳಲ್ಲಿ ತಿಳಿ ಪದಾರ್ಥ, ಆಮೇಲೆ ಮಜ್ಜಿಗೆ, ಬೇಳೆ ಕಟ್ಟು, ಅಂಬಲಿ. ಆಮೇಲೆ ಮಸೆದ ಬೇಳೆ, ಮೆತ್ತಗಿನ ನುಚ್ಚು. ಒಂದೂವರೆ ಎರಡು ತಿಂಗಳ ಮೇಲೆ, ವೈದ್ಯರು ಹೂಂ ಎಂದ ಬಳಿಕ, ಕಟ್ಟಿನಲ್ಲಿ ನೆನೆದ ರೊಟ್ಟಿ. ಇಷ್ಟನ್ನು ಅಕ್ಕ ಸರಿಯಾಗಿಯೇ ಮಾಡಿದ್ದಳು. ಮರೆತದ್ದು ಮುಂದಿನ ಪಾಠ. ತುತ್ತು ಚಿಕ್ಕದಿರಬೇಕು, ಬಾಯಲ್ಲೇ ಹಿಟ್ಟಾಗುವಂತೆ ಅಗಿಯಬೇಕು. ಅಗಿಯದ ಒಣ ರೊಟ್ಟಿ, ಮುದ್ದೆಗಟ್ಟಿದ ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮೊದಲು ಬೇಳೆ, ಮೊಸರು, ಆಮೇಲೆ ಪಲ್ಯ, ಕೊನೆಗೆ ರೊಟ್ಟಿ. ಊಟದ ಜೊತೆ ನೀರಿಲ್ಲ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು, ಇಲ್ಲವಾದರೆ ಮಲಬದ್ಧತೆ. ಸೋಡಾ ಬೇಡ, ಹೊಟ್ಟೆ ಉಬ್ಬುತ್ತದೆ. ಕೆಲವರಿಗೆ ಹಾಲು ಒಗ್ಗದೆ ಮಜ್ಜಿಗೆ ಒಗ್ಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಜೀವನಪೂರ್ತಿ ಬೇಕು. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಜೋರಾದರೆ ಮನೆಮದ್ದು ಮಾಡುತ್ತ ಕೂಡದೆ ವೈದ್ಯರ ಹತ್ತಿರ ಹೋಗಬೇಕು.

ಇಷ್ಟೆಲ್ಲ ಕಲಿಯುವುದು ಸುಲಭ. ‘ಒಲ್ಲೆ’ ಎನ್ನುವುದೇ ಕಷ್ಟ. ಒಲ್ಲೆ ಎಂದರೆ ನೀಡಿದವರ ಮನಸ್ಸು ನೋಯುತ್ತದೆ ಎಂದು ಹೆಣ್ಣುಮಕ್ಕಳಾದ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ.

ಈ ಗಂಟು ಬಿಡಿಸಿದವರು ಜೇವರ್ಗಿಯ ಸೋದರತ್ತೆ. ದಾಸೋಹದ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಇರುವುದು ಅವರ ಸೀಮೆಯಲ್ಲೇ; ಅದು ಅವರಿಗೆ ದೊಡ್ಡ ಹೆಮ್ಮೆ. ಅಕ್ಕನ ಸಂಗತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಿಮ್ಮ ಅಫಜಲಪುರ ಸೀಮಿ ಗಾಣಗಾಪುರದಾಗ ಮಧುಕರಿ ಬೇಡ್ತಾರಲ್ಲ, ಒಂದೇ ಮನಿಯಾಗ ಜೋಳಗಿ ತುಂಬಿಸ್ಕೋತಾರೇನು? ಜೇನು ಹೂವಿಂದ ತಗೊಂಡಂಗ ಒಂದೊಂದ್ ಕಡೆ ಒಂದೀಟು. ಹಂಗಂತ ನೀಡಿದವ್ರಿಗಿ ಅವಮಾನ ಆತೇನು?”

ನಾನು ಬೆರಗಾದೆ. ನಮ್ಮ ಆಳಂದದ ಕಡೆಯಿಂದ ಹರಿಯುವ ಅಮರ್ಜಾ ಭೀಮೆಯನ್ನು ಕೂಡುವ ಆ ಊರಿಗೆ ಎಷ್ಟು ಸಲ ಹೋಗಿಲ್ಲ! ನರಸಿಂಹ ಸರಸ್ವತಿಯವರ ಕಾಲದಿಂದ ಭಕ್ತರು ನೆನೆಯುವ ಆ ಭಿಕ್ಷೆಯಲ್ಲಿ ಇಂಥ ಅರ್ಥ ನನಗೆ ಹೊಳೆದಿರಲಿಲ್ಲ. ಕೈತುಂಬ ನೀಡುವ ದಾಸೋಹವೂ ನಮ್ಮದೇ, ಒಂದೀಟು ಪಡೆಯುವ ಮಧುಕರಿಯೂ ನಮ್ಮದೇ. ನಾವು ಮೊದಲಿನದನ್ನಷ್ಟೇ ನೆನಪಿಟ್ಟುಕೊಂಡೆವು.

ಮರುವರ್ಷದ ಎಳ್ಳಮಾಸೆಗೆ ಅಕ್ಕ ಹೊಲಕ್ಕೆ ಬಂದಳು. ಅವಳ ಅತ್ತೆ ಚಿಕ್ಕ ಬಟ್ಟಲಿನಲ್ಲಿ ಬೇಳೆ, ಮೊಸರು, ಸ್ವಲ್ಪ ಭಜ್ಜಿ ಹಾಕಿ ಮುಂದಿಟ್ಟರು. ಹೋಳಿಗೆಯ ಬುಟ್ಟಿ ಹಿಡಿದ ನೆರೆಯಾಕೆ ಬಾಗುತ್ತಲೇ ಅಕ್ಕ ಕೈ ಅಡ್ಡ ಹಿಡಿಯುವ ಮೊದಲೇ ಅತ್ತೆ ತಮ್ಮ ಕೈ ಅಡ್ಡ ಹಿಡಿದರು. “ಆಕಿಗಿ ಸಾಕವ್ವ, ಆಕಿ ಊಟ ಆಗ್ಯದ,” ಎಂದರು.

ಅಕ್ಕ ಎಲ್ಲರಿಗಿಂತ ಕೊನೆಗೆ ಎದ್ದಳು. ನಿಧಾನ ಅಗಿಯುತ್ತಿದ್ದಳಲ್ಲ.