ಬಂದೂಕಿನ ಅರ್ಜಿಯ ಹಿಂದಿನ ಚರಿತ್ರೆ

ಸರಕಾರಿ ಅರ್ಜಿಯ ನಮೂನೆಯನ್ನು ಚರಿತ್ರೆಯ ಆಕರವೆಂದು ಯಾರೂ ಓದುವುದಿಲ್ಲ. ಶಾಸನ, ತಾಮ್ರಪಟ, ಕೈಫಿಯತ್ತು, ಬಖೈರುಗಳಿಗೆ ಸಲ್ಲುವ ಗೌರವ ಅದಕ್ಕೆ ಸಲ್ಲುವುದಿಲ್ಲ. ಆದರೆ ಒಂದು ಬಂದೂಕು ಪರವಾನಗಿಯ ಅರ್ಜಿಯನ್ನು ಸಾಲುಸಾಲಾಗಿ ಓದುವ ಪ್ರಸಂಗ ಇತ್ತೀಚೆಗೆ ನನಗೆ ಒದಗಿತು. ಅದರ ಒಂದೊಂದು ಅಂಕಣದ ಹಿಂದೆಯೂ ಯಾವುದೋ ಒಂದು ಕಾಲದ ಭಯ, ಯಾವುದೋ ಒಂದು ಕಾಲದ ಹೋರಾಟ ಕುಳಿತಿರುವುದನ್ನು ಕಂಡೆ. ನನ್ನ ಹಳೆಯ ವಿದ್ಯಾರ್ಥಿಗಳು ‘ಗುರುಗಳು ಮತ್ತೆ ಪಾಠ ಶುರುಮಾಡಿದರು’ ಎಂದು ನಕ್ಕರೂ ಚಿಂತೆಯಿಲ್ಲ, ಸ್ವಲ್ಪ ತಾಳ್ಮೆಯಿಂದ ಓದಬೇಕು.

ಪ್ರಸಂಗವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ಯಾಡಗಿ ತಾಲ್ಲೂಕಿನ ನನ್ನ ಶಿಷ್ಯನೊಬ್ಬನ ಮಗಳಿಗೆ ಗುರಿ ಹೊಡೆಯುವ ಕ್ರೀಡೆಯಲ್ಲಿ ಒಲವು. ಕಾಲೇಜಿನಲ್ಲಿದ್ದಾಗ ಏರ್ ರೈಫಲ್‌ನಿಂದ ಆರಂಭಿಸಿದವಳು ಈಗ 50 ಮೀಟರ್ ಸ್ಪರ್ಧೆಗೆ ಬೇಕಾದ ಪಾಯಿಂಟ್ 22 ರೈಫಲ್ ಕೊಳ್ಳಲು ಬಯಸಿದ್ದಾಳೆ. ಅದಕ್ಕೆ ಪರವಾನಗಿ ಬೇಕು. ತಂದೆಗೆ ಸಮ್ಮತಿಯಿದೆ, ಆದರೆ ಮನೆಯ ಹಿರಿಯರು, ಎಂಬತ್ತೆಂಟರ ಅಜ್ಜ, ಒಪ್ಪಲಿಲ್ಲ. ಅವರ ಆಕ್ಷೇಪ ಬಂದೂಕಿನ ಬಗ್ಗೆ ಅಲ್ಲ, ಹುಡುಗಿ ಗುಂಡು ಹೊಡೆಯುವುದರ ಬಗ್ಗೆಯೂ ಅಲ್ಲ. “ನಮ್ಮ ಮನೆತನದ ಹೆಸರು ಠಾಣೆಯ ಪುಸ್ತಕದಾಗ ಏರಬಾರದು” ಎಂಬುದೊಂದೇ ಅವರ ಮಾತು. ತಂದೆ ಅರ್ಜಿಯ ಪ್ರತಿಯನ್ನು ನನಗೆ ಕಳುಹಿಸಿ, ಅಜ್ಜನಿಗೆ ಏನು ಹೇಳಬೇಕೆಂದು ಕೇಳಿದ. ಅಜ್ಜನ ಮಾತನ್ನು ಹಳೆಯ ಕಾಲದ ಹುಂಬತನವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಠಾಣೆಯ ಪುಸ್ತಕಕ್ಕೂ ನಮ್ಮ ಸೀಮೆಯ ಜನರಿಗೂ ಇರುವ ಸಂಬಂಧ ಹಗುರವಾದದ್ದಲ್ಲ.

ಹತ್ತನೆಯ ತರಗತಿಯಲ್ಲಿ ‘ಹಲಗಲಿ ಬೇಡರು’ ಲಾವಣಿಯನ್ನು ಓದಿದವರಿಗೆ ಕಥೆ ನೆನಪಿರಬೇಕು. 1857ರ ದಂಗೆ ಉತ್ತರದಲ್ಲಿ ಹೊತ್ತಿ ಉರಿಯುತ್ತಿದ್ದಾಗ ಕಂಪನಿ ಸರಕಾರವು ಆ ವರ್ಷದ 28ನೆಯ ಅಧಿನಿಯಮವನ್ನು ಜಾರಿಗೆ ತಂದಿತು. ಜನರು ತಮ್ಮಲ್ಲಿರುವ ಆಯುಧಗಳನ್ನು ತಂದೊಪ್ಪಿಸಬೇಕು, ಅಪ್ಪಣೆಯಿಲ್ಲದೆ ಇಟ್ಟುಕೊಳ್ಳಬಾರದು ಎಂಬುದು ಅದರ ತಿರುಳು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಕತ್ತಿ ಕೋವಿಗಳು ಬರಿಯ ಆಯುಧಗಳಾಗಿರಲಿಲ್ಲ. ಹೊಟ್ಟೆಯ ಬೇಟೆಯೂ ಕುಲದ ಮರ್ಯಾದೆಯೂ ಅವುಗಳಲ್ಲಿದ್ದವು. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಊರು ಆಯುಧ ಕೊಡಲು ನಿರಾಕರಿಸಿತು. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಜನರ ಎದುರಿಗೇ ಗಲ್ಲಿಗೇರಿಸಿದರು. ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಆ ಲಾವಣಿ ಹಾಡುಗಾರರ ಬಾಯಲ್ಲಿ ಉಳಿಯಿತು. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ! ಕೊಂದವರ ಕಡೆಯವನೊಬ್ಬ ಸತ್ತವರ ಹಾಡನ್ನು ಉಳಿಸಿದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು.

ನಮ್ಮ ಕನ್ನಡ ನಾಡಿನ ಮೊದಲ ‘ಪರವಾನಗಿ ವಿವಾದ’ ಇದೇ ಎಂದು ನಾನು ತಿಳಿದಿದ್ದೇನೆ. ಸ್ವಾತಂತ್ರ್ಯ ಸಂಗ್ರಾಮವೆಂದು ದೊಡ್ಡ ಹೆಸರಿನಿಂದ ಕರೆಯುವಾಗ ನಾವು ಅದರ ಮೂಲವನ್ನು ಮರೆಯುತ್ತೇವೆ. ಆ ಜನ ದಿಲ್ಲಿಯ ಸಿಂಹಾಸನಕ್ಕಾಗಿ ಕಾದಲಿಲ್ಲ. ತಮ್ಮ ಮನೆಯ ಗೂಟಕ್ಕೆ ತೂಗುಹಾಕಿದ ಆಯುಧದ ಲೆಕ್ಕವನ್ನು ಇನ್ನೊಬ್ಬನಿಗೆ ಕೊಡಲಾರೆವೆಂದು ಕಾದರು. ಮರುವರ್ಷ, 1858ರ ಮೇ ತಿಂಗಳಿನಲ್ಲಿ, ನರಗುಂದದ ಬಾಬಾಸಾಹೇಬರೂ ಮುಂಡರಗಿ ಭೀಮರಾಯರೂ ಎದ್ದು ನಿಂತ ಕಥೆ ನಿಮಗೆಲ್ಲ ಗೊತ್ತು.

ಇದಕ್ಕೆ ಸರಿಯಾಗಿ ಎದುರುಬದುರಾದ ಚಿತ್ರ ಕೊಡಗಿನದು. ಬ್ರಿಟಿಷರಿಗೆ ನಿಷ್ಠರಾಗಿ ಉಳಿದ ಕೊಡವರಿಗೆ 1861ರಲ್ಲಿ ಆಯುಧ ಕಾನೂನಿನಿಂದ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹುತ್ತರಿ ಹಬ್ಬದಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ, ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸುವ ಆ ಸಂಸ್ಕೃತಿಯ ಬಗ್ಗೆ ನನಗೆ ಗೌರವವಿದೆ. ಆದರೂ ಒಂದೇ ರಾಜ್ಯದಲ್ಲಿ ಒಂದು ಕಡೆ ಕೋವಿ ಕುಲದ ಹಕ್ಕು, ಇನ್ನೊಂದು ಕಡೆ ಅದೇ ಕೋವಿಗಾಗಿ ಗಲ್ಲು. ಈ ಎರಡನ್ನೂ ಒಟ್ಟಿಗೆ ಪಾಠ ಮಾಡದಿದ್ದರೆ ಚರಿತ್ರೆ ಅರ್ಧವೇ ಆಗುತ್ತದೆ.

1878ರಲ್ಲಿ ಲಾರ್ಡ್ ಲಿಟ್ಟನ್ ಎರಡು ಕಾನೂನುಗಳನ್ನು ತಂದನು. ಒಂದು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿತು, ಇನ್ನೊಂದು ಆಯುಧಗಳ ಕಾನೂನು. ಲೇಖನಿಗೂ ಕೋವಿಗೂ ಒಂದೇ ವರ್ಷ ಬೀಗ ಬಿತ್ತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಮೊದಲನೆಯದು ನಾಲ್ಕೇ ವರ್ಷಗಳಲ್ಲಿ ರದ್ದಾಯಿತು. ಎರಡನೆಯದು ಎಂಬತ್ತು ವರ್ಷಕ್ಕೂ ಮೇಲೆ ಬದುಕಿತು. ಅದರಡಿ ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯನಿಗೆ ಪರವಾನಗಿ. ಮುಂದೆ ನಿಯಮಗಳಲ್ಲಿ ಬಣ್ಣದ ಭೇದ ಮಾಯವಾದರೂ ಬಿರುದು-ಭೂಮಿಗಳ ಭೇದ ಉಳಿಯಿತು. ಬಂದೂಕು ದೇಸಾಯರ ವಾಡೆಯ ಭೂಷಣವಾಯಿತು. ಒಕ್ಕಲಿಗನ ಕೈಗೆ ಬಂದರೆ ಅಪರಾಧವಾಯಿತು.

ಅಜ್ಜನ ಭಯಕ್ಕೆ ಇನ್ನೂ ಹತ್ತಿರದ ಕಾರಣವೊಂದಿದೆ. ಅವರು ಮೋಟೆಬೆನ್ನೂರಿನ ಆಸುಪಾಸಿನವರು. ಮೋಟೆಬೆನ್ನೂರು ಎಂದರೆ ಮೈಲಾರ ಮಹಾದೇವಪ್ಪನವರ ಊರು. 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗ ಅವರು. ಚಲೇಜಾವ್ ಚಳವಳಿಯ ಕಾಲದಲ್ಲಿ ಸರಕಾರದ ಕಂದಾಯದ ಹಣ ಜನರಿಗೆ ಸೇರಿದ್ದೆಂದು ಅದನ್ನು ವಶಪಡಿಸಿಕೊಳ್ಳಲು ತಮ್ಮ ತಂಡದೊಡನೆ ಹೊಸರಿತ್ತಿಗೆ ಹೋದಾಗ, 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಹುತಾತ್ಮರಾದರು. ಹಾವೇರಿಯ ವೀರಸೌಧದ ಮುಂದೆ ಹಾದುಹೋಗುವವರು ಒಮ್ಮೆ ನಿಂತು ನೋಡಬೇಕು. ಅಜ್ಜನಿಗೆ ಆಗ ಆರೇಳು ವರ್ಷ. ಆ ಬೇಸಗೆಯಲ್ಲಿ ಖಾಕಿ ಕಂಡರೆ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದರಂತೆ, ಯಾರ ಹೆಸರು ಪಟ್ಟಿಯಲ್ಲಿದೆ ಎಂಬುದೇ ಊರಿನ ಮಾತಾಗಿತ್ತಂತೆ. ಪಟ್ಟಿಯೆಂದರೆ ಅವರಿಗೆ ಇಂದಿಗೂ ಅದೇ ಪಟ್ಟಿ.

ಹಾಗಾದರೆ ಸ್ವಾತಂತ್ರ್ಯ ಬಂದ ಮೇಲೆ ಏನು ಬದಲಾಯಿತು? ಇದೇ ನಮ್ಮ ವಿಷಯದ ಹೃದಯಭಾಗ. 1931ರ ಕರಾಚಿ ಕಾಂಗ್ರೆಸ್ ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಲಿಟ್ಟನ್ನನ ಕಾನೂನಿನ ಅವಮಾನ ಅಷ್ಟು ಆಳವಾಗಿ ನಾಟಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ತಿದ್ದುಪಡಿ ತಂದವರು ಎಚ್.ವಿ. ಕಾಮತರು. ಅವರು ಮಧ್ಯಪ್ರಾಂತದ ಪ್ರತಿನಿಧಿಯಾಗಿದ್ದರೂ ಹುಟ್ಟಿದ್ದು ಮಂಗಳೂರಿನಲ್ಲಿ. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ದೇಶವಿಭಜನೆಯ ರಕ್ತ ಇನ್ನೂ ಆರಿರದ ಕಾಲ ಅದು. ಅಂಬೇಡ್ಕರರ ನಿರ್ಧಾರವೇ ಸರಿಯಾದುದೆಂದು ನಾನು ನಂಬುತ್ತೇನೆ. ನಮ್ಮ ಸಂವಿಧಾನ ಶಾಂತವಾಗಿ ಸಭೆ ಸೇರುವ ಹಕ್ಕನ್ನು ಕೊಡುವಾಗ ‘ಆಯುಧಗಳಿಲ್ಲದೆ’ ಎಂಬ ಷರತ್ತನ್ನೂ ಜೊತೆಗೇ ಹಾಕಿದೆ.

ಹಕ್ಕು ಸಿಗಲಿಲ್ಲ, ಆದರೆ ಕಾನೂನು ಬದಲಾಯಿತು. 1959ರ ಆಯುಧ ಅಧಿನಿಯಮ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದು ಲಿಟ್ಟನ್ನನ ಕಾನೂನನ್ನು ಅಳಿಸಿಹಾಕಿತು. ಇದರ 13ನೆಯ ಕಲಮನ್ನು ಓದಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಕೇಂದ್ರ ಸರಕಾರದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕಾಗಿ ಪಾಯಿಂಟ್ 22 ರೈಫಲ್ ಕೇಳಿದರೆ ಅಧಿಕಾರಿ ಪರವಾನಗಿಯನ್ನು ‘ಕೊಡತಕ್ಕದ್ದು’ ಎಂದಿದೆ, ‘ಕೊಡಬಹುದು’ ಎಂದಲ್ಲ. ಬೆಳೆ ರಕ್ಷಣೆಗಾಗಿ ಮದ್ದು ತುಂಬುವ ನಾಡಬಂದೂಕು ಕೇಳುವ ರೈತನಿಗೂ ಇದೇ ಮಾತು. ಕನ್ನಡ ವ್ಯಾಕರಣ ಕಲಿಸಿದವನಿಗೆ ‘ತಕ್ಕದ್ದು’ ಮತ್ತು ‘ಬಹುದು’ಗಳ ನಡುವಿನ ಅಂತರ ಎಷ್ಟೆಂದು ಬೇರೆ ಹೇಳಬೇಕಿಲ್ಲ, ಪ್ರಜೆಗೂ ಪೌರನಿಗೂ ಇರುವ ಅಂತರವೇ ಅದು. 14ನೆಯ ಕಲಮಿನಲ್ಲಿ ಇನ್ನೂ ಒಂದು ಸೊಗಸಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸುವಂತಿಲ್ಲ! ವಾಡೆಯ ದೇಸಾಯರಿಗೂ ಅಡಕೆಯಷ್ಟು ಹೊಲವಿಲ್ಲದವನಿಗೂ ಒಂದೇ ಅಳತೆ. ಬುದ್ಧಿಸ್ಥಿಮಿತವಿಲ್ಲದವರು, ಕಾನೂನು ನಿಷೇಧಿಸಿದವರು, ಸಾರ್ವಜನಿಕ ಶಾಂತಿಗೆ ಅಪಾಯವಾಗುವವರು ಇಂಥವರಿಗೆ ನಿರಾಕರಿಸಲೇಬೇಕು. ಆಗಲೂ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಮೇಲ್ಮನವಿಗೂ ಅವಕಾಶವಿದೆ. ಹಲಗಲಿಯವರಿಗೆ ಮೇಲ್ಮನವಿ ಎಲ್ಲಿತ್ತು?

ಇನ್ನು ‘ಕ್ರೀಡೆ’ ಎಂಬ ಶಬ್ದ. ಮೊದಲು ಬಂದೂಕಿನ ಕ್ರೀಡೆಯೆಂದರೆ ಶಿಕಾರಿ ಎಂದೇ ಅರ್ಥ. ರಾಣೇಬೆನ್ನೂರಿನ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡೂ ಎರೆಭೂತ ಹಕ್ಕಿಯೂ ಇದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಕ್ರೀಡೆಗೆ ಮಂಗಳ ಹಾಡಿತು. 1974ರಲ್ಲಿ ರಾಣೇಬೆನ್ನೂರಿನ 119 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಕೃಷ್ಣಮೃಗಗಳು ಉಳಿದವು, ಅಭಯಾರಣ್ಯದ ಅಂಚಿನ ಗೋವಿನಜೋಳದ ಹೊಲಗಳಿಗೆ ಅವುಗಳ ಕಾಟವೂ ಉಳಿಯಿತು. ರೈತ ಬೆಳೆ ರಕ್ಷಣೆಗಾಗಿ ಬಂದೂಕು ಪಡೆದರೂ ಅವುಗಳ ಮೇಲೆ ಗುರಿಯಿಡುವಂತಿಲ್ಲ. ಅರ್ಜಿಯಲ್ಲಿ ಬೆಳೆ ರಕ್ಷಣೆಯವರಿಗಾಗಿ, ಯಾವ ಕಾಡುಪ್ರಾಣಿಯನ್ನು ಕೊಲ್ಲಲು ಅನುಮತಿಯಿದೆ ಎಂದು ಕೇಳುವ ಅಂಕಣವೊಂದಿದೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದು ಬರಿಯ ಶಾಯಿಯ ಪ್ರಶ್ನೆಯಲ್ಲ.

ಹೀಗೆ ಪ್ರಾಣಿಯ ಜಾಗಕ್ಕೆ ಕಾಗದದ ಗುರಿಹಲಗೆ ಬಂತು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಸ್ಥಾಪನೆಯಾದಾಗ ಅದರ ಹಿಂದಿದ್ದವರು ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಮಾವಳಂಕರರು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್ ರೈಫಲ್‌ನಲ್ಲಿ. ಪಾಯಿಂಟ್ 177 ಅಳತೆಯ, 20 ಜೂಲ್ ಶಕ್ತಿ ಮೀರದ ಅಂಥ ಗಾಳಿಬಂದೂಕಿಗೆ ನಮ್ಮಲ್ಲಿ ಪರವಾನಗಿ ಬೇಕಿಲ್ಲ. 2024ರ ಪ್ಯಾರಿಸ್ ಕ್ರೀಡೆಗಳಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್‌ನಲ್ಲಿ, ಅಂದರೆ ನಮ್ಮ ಹುಡುಗಿ ಕೇಳುತ್ತಿರುವ ಅದೇ ಪಾಯಿಂಟ್ 22ರಲ್ಲಿ. ಅವರು ನಮ್ಮ ಗಡಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ಅರಮನೆಯಿಂದ ಬಂದವರಲ್ಲ.

ಈಗಿನ ಅರ್ಜಿ 2016ರ ಆಯುಧ ನಿಯಮಗಳ ಎ-1 ನಮೂನೆ. ಹೆಸರು, ವಿಳಾಸ, ಹತ್ತಿರದ ಪೊಲೀಸ್ ಠಾಣೆ, ಉದ್ಯೋಗ ಇವುಗಳಲ್ಲಿ ವಿಶೇಷವೇನಿಲ್ಲ. ಶಿಕ್ಷೆಯಾಗಿದೆಯೇ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆದುಕೊಟ್ಟಿದ್ದೀರಾ, ಹಿಂದೆ ಅರ್ಜಿ ಹಾಕಿ ತಿರಸ್ಕೃತವಾಗಿದೆಯೇ, ಮನೆಯಲ್ಲಿ ಇನ್ನಾರಿಗಾದರೂ ಪರವಾನಗಿ ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ‘ಇಲ್ಲ’ ಎಂದೇ ಆದರೂ ಖಾಲಿ ಬಿಡದೆ ಬರೆಯಬೇಕು. ಖಾಲಿ ಬಿಟ್ಟ ಅಂಕಣ ಸಂಶಯಕ್ಕೆ ಎಡೆಕೊಡುತ್ತದೆ, ಸುಳ್ಳು ಉತ್ತರ ಅಪರಾಧವೇ ಆಗುತ್ತದೆ. ಉದ್ದೇಶದ ಕಡೆ ‘ಗುರಿ ಅಭ್ಯಾಸ’ ಎಂದು ಸ್ಪಷ್ಟವಾಗಿ ಬರೆದು ರೈಫಲ್ ಸಂಘದ ಸದಸ್ಯತ್ವದ ಪತ್ರ ಲಗತ್ತಿಸಬೇಕು. ಆತ್ಮರಕ್ಷಣೆಯನ್ನೂ ಜೊತೆಗೆ ಸೇರಿಸಿದರೆ ಬಲ ಹೆಚ್ಚುತ್ತದೆಂದು ಕೆಲವರು ಸಲಹೆ ಕೊಟ್ಟರಂತೆ. ಬೇಡವೆಂದೆ. ಕ್ರೀಡಾಪಟುವಿಗೆ ಕಾನೂನು ಕೊಟ್ಟಿರುವ ನೇರ ದಾರಿಯನ್ನು ಬಿಟ್ಟು ಸಂದಿಗೆ ಏಕೆ ಇಳಿಯಬೇಕು? ದೈಹಿಕ-ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧ ಸುರಕ್ಷತಾ ತರಬೇತಿಯ ಪತ್ರ, ಮನೆಯಲ್ಲಿ ಬಂದೂಕನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವೂ ಬೇಕು. ಠಾಣೆಯ ವರದಿ ಬಂದ ಮೇಲೆ ಜಿಲ್ಲಾ ದಂಡಾಧಿಕಾರಿಗಳು ನಿರ್ಧರಿಸುತ್ತಾರೆ. ವರದಿಗೆ 30 ದಿನ, ಆಮೇಲೆ ನಿರ್ಧಾರಕ್ಕೆ 60 ದಿನ ಎಂದು ನಿಯಮವಿದೆ. 2019ರ ತಿದ್ದುಪಡಿ ಸಾಮಾನ್ಯರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಹೆಸರಾಂತ ಗುರಿಕಾರರಿಗೆ 2020ರ ಫೆಬ್ರುವರಿಯ ಅಧಿಸೂಚನೆ ಹೆಚ್ಚಿನ ಬಂದೂಕುಗಳಿಗೆ ಅವಕಾಶ ಕೊಟ್ಟಿದೆ, ಆ ಚಿಂತೆ ನಮ್ಮವಳಿಗೆ ಇನ್ನೂ ದೂರ.

ಪ್ರಶ್ನೆಗಳು ಹೆಚ್ಚಾದವೆಂದು ತಂದೆ ಗೊಣಗಿದ. ನನಗೆ ಹಾಗನ್ನಿಸಲಿಲ್ಲ. ಗುಂಡು ಹಾರುವ ವಸ್ತುವನ್ನು ಕೈಗೆ ಕೊಡುವಾಗ ಸರಕಾರ ಇಷ್ಟು ಕೇಳದಿದ್ದರೆ ತಪ್ಪು. ಕೇಳುವ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಬೇಕು, ಉತ್ತರ ಸರಿಯಿದ್ದರೆ ಕೆಲಸ ಆಗಬೇಕು, ಅಷ್ಟೇ.

ಅಜ್ಜನಿಗೆ ನಾನು ದೂರವಾಣಿಯಲ್ಲಿ ಹೇಳಿದ್ದೂ ಇದೇ. ಹೆಸರು ಠಾಣೆಯ ಪುಸ್ತಕದಲ್ಲಿ ಏರುವುದು ನಿಜ, ಈಗಂತೂ ದೇಶಕ್ಕೆಲ್ಲ ಒಂದೇ ಗಣಕಯಂತ್ರದ ಪಟ್ಟಿಯಲ್ಲಿ ವಿಶಿಷ್ಟ ಸಂಖ್ಯೆಯೊಡನೆ ಏರುತ್ತದೆ. ಆದರೆ ಆ ಪಟ್ಟಿ ಬರೆಯುವವರನ್ನು ನೇಮಿಸುವ ಸರಕಾರ ನಿಮ್ಮ ಮತದಿಂದ ಆದದ್ದು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಚುನಾವಣೆ ಬಂದಾಗೆಲ್ಲ ಬಂದೂಕ ತಗೊಂಡು ಹೋಗಿ ಠಾಣೇಕ ಇಟ್ಟು ಬರಬೇಕಂತಲ್ಲ, ಅದನ್ನ ಯಾರು ಹೊರತಾರ?” ಎಂದು ಕೇಳಿದರು. ಚುನಾವಣೆಯ ಸಮಯದಲ್ಲಿ ಪರವಾನಗಿಯುಳ್ಳ ಬಂದೂಕುಗಳನ್ನು ಠೇವಣಿ ಇಡಿಸುವ ಪದ್ಧತಿ ನಮ್ಮಲ್ಲಿರುವುದು ನಿಜ. ಯಾರಿಂದ ಇಡಿಸಬೇಕೆಂಬುದನ್ನು ಪರಿಶೀಲಿಸಲು ಸಮಿತಿ ಇದೆ, ಕ್ರೀಡಾಪಟುವೆಂಬ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು ಎಂದು ವಿವರಿಸಿದೆ. ಅರ್ಜಿಗೆ ಬೇಕಾದ ವಿಳಾಸದ ದಾಖಲೆ ಅವರ ಹೆಸರಿನ ಮನೆಪತ್ರವೇ ಆಗಿದ್ದರಿಂದ ಮರುದಿನ ಅದನ್ನು ತಾವೇ ಪೆಟ್ಟಿಗೆಯಿಂದ ತೆಗೆದು ಕೊಟ್ಟರೆಂದು ಶಿಷ್ಯ ತಿಳಿಸಿದ.

ಹೊಸರಿತ್ತಿಯ ಘಟನೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದ್ದೇನೆ. ಅದನ್ನು ಮುಂದೊಮ್ಮೆ ಪ್ರತ್ಯೇಕವಾಗಿ, ವಿಸ್ತಾರವಾಗಿ ಬರೆಯುವ ಆಸೆಯಿದೆ. ಆ ಊರಿನ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಂದ ಕೇಳಿದ್ದನ್ನು ಬರೆದು ತಿಳಿಸಿದರೆ ಉಪಕಾರವಾಗುವುದು.