ಟರ್ಬೊಚಾರ್ಜರ್ ಹೊಂದಿರುವ ಕಾರುಗಳ ಎಂಜಿನ್ ನಿಲುಗಡೆ: ವಾಹನ ಮಾಲೀಕರ ಗಮನಕ್ಕೆ

ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯ ಒತ್ತಡದಿಂದ ತಿರುಗುವ ಟರ್ಬೊಚಾರ್ಜರ್ ಚಕ್ರವು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ಬೇರಿಂಗುಗಳಿಗೆ ಎಂಜಿನ್ ಆಯಿಲ್ಲೇ ಆಧಾರ. ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳನ್ನು ಪೂರ್ಣ ಭಾರದೊಡನೆ ಏರಿದ ಕೂಡಲೇ ಎಂಜಿನ್ ನಿಲ್ಲಿಸಿದಲ್ಲಿ ಆಯಿಲ್ ಪಂಪು ಸಹ ನಿಲ್ಲುತ್ತದೆ. ಟರ್ಬೊದೊಳಗೆ ಉಳಿದ ಆಯಿಲ್ ಅಲ್ಲಿನ ಶಾಖಕ್ಕೆ ಸುಟ್ಟು ಮಸಿಗಟ್ಟಿ, ಕ್ರಮೇಣ ಆಯಿಲ್ ಮಾರ್ಗ ಮುಚ್ಚಿ ಬೇರಿಂಗು ಸವೆಯುತ್ತದೆ. ಟರ್ಬೊ ಬದಲಿಸುವ ವೆಚ್ಚ ಅಲ್ಪವೇನಲ್ಲ.

ಆದ್ದರಿಂದ ಇಂತಹ ಚಾಲನೆಯ ನಂತರ ವಾಹನವನ್ನು ನಿಲ್ಲಿಸಿ, ಆಕ್ಸಿಲರೇಟರ್ ಒತ್ತದೆ, ಒಂದೆರಡು ನಿಮಿಷ ಎಂಜಿನ್ನನ್ನು ಚಾಲನೆಯಲ್ಲಿಯೇ ಇಡತಕ್ಕದ್ದು. ನಗರದೊಳಗೆ ನಿಧಾನವಾಗಿ ಚಲಿಸಿ ಬಂದ ವಾಹನಕ್ಕೆ ಇದು ಅನಗತ್ಯ; ಇಂಧನವಷ್ಟೇ ವ್ಯರ್ಥ. ಎಂಜಿನ್ ನಿಂತ ಬಳಿಕವೂ ವಿದ್ಯುತ್ ಪಂಪಿನ ಮೂಲಕ ಟರ್ಬೊವನ್ನು ತಂಪಾಗಿಸುವ ಕಾರುಗಳೂ ಇರುವುದರಿಂದ, ವಾಹನದೊಂದಿಗೆ ನೀಡಲಾದ ಕೈಪಿಡಿಯ ಸೂಚನೆಯನ್ನೇ ಪಾಲಿಸತಕ್ಕದ್ದು.