ಕಾಯುವವರ ಕಿವಿ

1965ನೆಯ ಇಸವಿ ಜುಲೈ 30ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣಕ್ಕೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ನರ ಸಮಕ್ಷಮದಲ್ಲಿ ಒಂದು ಮಸೂದೆಗೆ ರುಜು ಹಾಕಿದರು. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಎರಡೂ ಹುಟ್ಟಿದ್ದು ಆ ಕಾನೂನಿನಿಂದಲೇ. ಆದರೆ ಮೆಡಿಕೇರ್ ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ ಕನ್ನಡಕದೊಡನೆ ಶ್ರವಣಯಂತ್ರವನ್ನೂ ಸೇರಿಸಿದರು. ಮೂಲ ಮೆಡಿಕೇರಿನಲ್ಲಿ ಅದು ಇಂದಿಗೂ ಆ ಪಟ್ಟಿಯಲ್ಲೇ ಇದೆ.

ಮುದುಕರಿಗೆಂದು ಮಾಡಿದ ಕಾನೂನು ಮುದುಕರ ಕಿವಿಯನ್ನೇ ಮರೆಯಿತೆ? ಮರೆತದ್ದಲ್ಲ. ದೊಡ್ಡ ಕಾಯಿಲೆಯ ಖರ್ಚಿಗೆ ವಿಮೆ ಬೇಕು, ವಾಡಿಕೆಯ ಖರ್ಚನ್ನು ಅವರವರೇ ನೋಡಿಕೊಳ್ಳಲಿ ಎಂಬುದು ಅಂದಿನ ಧೋರಣೆ. ಕಿವಿ ಮಂದವಾಗುವುದು ವಾಡಿಕೆಯ ಲೆಕ್ಕಕ್ಕೆ ಸೇರಿತು.

ಅಲ್ಲಿ ನೆಲೆಸಿರುವ ಮಿತ್ರರೊಬ್ಬರು ತಮ್ಮ ನೆರೆಯ ವೃದ್ಧೆಯ ವಿಷಯ ಬರೆದ ಮೇಲೆ ನಾನು ಈ ಚರಿತ್ರೆಯನ್ನು ಕೆದಕಿದೆ. ಆಕೆ ಇರುವುದು ನರ್ಸಿಂಗ್ ಹೋಮಿನಲ್ಲಿ. ನಮ್ಮಲ್ಲಿ ಹಾಗೆಂದರೆ ನಾಲ್ಕು ದಿನ ಮಲಗಿ ಬರುವ ಖಾಸಗಿ ಆಸ್ಪತ್ರೆ. ಅಲ್ಲಿಯದು ಅಶಕ್ತರು ಕಡೆಯವರೆಗೂ ಇರುವ ಮನೆ. ಆಕೆಯ ಮೆಡಿಕೇಡ್ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಕೇಳಿದ್ದೊಂದಕ್ಕೆ ಹೇಳುವುದೊಂದು, ಬುದ್ಧಿ ಮಂಕಾಗಿದೆಯೆಂದು ಸುತ್ತಲಿನವರ ತೀರ್ಮಾನ. ಮಂಕಾದದ್ದು ಕಿವಿ ಮಾತ್ರ.

ಅರ್ಜಿಯನ್ನು ಸಾಮಾನ್ಯವಾಗಿ 45 ದಿನಗಳಲ್ಲಿ ತೀರ್ಮಾನಿಸಬೇಕೆಂದು ನಿಯಮವುಂಟು. ಆದರೆ 2006ರಲ್ಲಿ ಜಾರಿಯಾದ ಕಾನೂನಿನಂತೆ ಐದು ವರ್ಷಗಳ ಹಣದ ವ್ಯವಹಾರವನ್ನು ಪರಿಶೀಲಿಸುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ! ಒಂಟಿ ಅರ್ಜಿದಾರರ ಉಳಿತಾಯ ಅನೇಕ ರಾಜ್ಯಗಳಲ್ಲಿ 2,000 ಡಾಲರಿಗೆ ಇಳಿದಿರಬೇಕು. ಮಂಜೂರಾದ ಮೇಲೆ ಪಿಂಚಣಿಯ ಬಹುಭಾಗ ನರ್ಸಿಂಗ್ ಹೋಮಿಗೇ ಸಲ್ಲುತ್ತದೆ. ಕೈಖರ್ಚಿಗೆ ಬಿಡಬೇಕಾದ ಕೇಂದ್ರದ ಕನಿಷ್ಠ ಮೊತ್ತ ತಿಂಗಳಿಗೆ 30 ಡಾಲರ್. 1988ರಲ್ಲಿ ಗೊತ್ತಾದ ಮೊತ್ತವದು. ಹಲವು ರಾಜ್ಯಗಳು ಹೆಚ್ಚು ಬಿಡುತ್ತವೆ, ನಿಜ. ಜೋಡಿ ಶ್ರವಣಯಂತ್ರಕ್ಕಾದರೋ ಸಾವಿರಾರು ಡಾಲರ್ ಬೇಕು. ವಯಸ್ಕರಿಗೆ ಅದನ್ನು ಕೊಡುವುದೂ ಬಿಡುವುದೂ ಆಯಾ ರಾಜ್ಯದ ಇಷ್ಟ.

ಹಾಗಾದರೆ ದಾರಿಯಿಲ್ಲವೆ? ಉಂಟು. ಉಳಿತಾಯ ಮಿತಿಗಿಂತ ಹೆಚ್ಚಿದ್ದರೆ, ಮಂಜೂರಾಗುವ ಮೊದಲೇ ಅದರಿಂದ ನ್ಯಾಯವಾದ ಬೆಲೆಗೆ ಯಂತ್ರ ಕೊಳ್ಳಬಹುದು. ಅದು ದಾನವೆನಿಸುವುದಿಲ್ಲ, ದಂಡವೂ ಇಲ್ಲ. ಉಳಿತಾಯವೇ ಇಲ್ಲದವರಿಗೆ 1988ರ ಇನ್ನೊಂದು ಕಲಮಿದೆ. ರಾಜ್ಯದ ಮೆಡಿಕೇಡ್ ಕೊಡದ, ಆದರೆ ಅಗತ್ಯವಾದ ವೈದ್ಯಕೀಯ ಖರ್ಚನ್ನು, ನರ್ಸಿಂಗ್ ಹೋಮಿಗೆ ಕಟ್ಟುವ ಹಣದಿಂದ ಕಳೆಯಲೇಬೇಕೆಂದು ಅದು ವಿಧಿಸುತ್ತದೆ. ಪಿಂಚಣಿ 1,200 ಡಾಲರ್, ಕೈಖರ್ಚು 30 ಎನ್ನೋಣ. ಹೋಮಿಗೆ ಹೋಗುವುದು 1,170. ಯಂತ್ರದ ಬಿಲ್ಲು 2,340 ಆದರೆ ಎರಡು ತಿಂಗಳ ಆ ಹಣ ಯಂತ್ರಕ್ಕೆ ಸಲ್ಲುತ್ತದೆ. ಹೋಮಿಗಾದ ಕೊರತೆಯನ್ನು ಮೆಡಿಕೇಡ್ ತುಂಬುತ್ತದೆ. ರಾಜ್ಯಗಳು ಯುಕ್ತವಾದ ಮಿತಿ ಹಾಕಬಹುದು. ಆದ್ದರಿಂದ ಕೊಳ್ಳುವ ಮೊದಲು ಕಚೇರಿಯಲ್ಲಿ ವಿಚಾರಿಸಿ, ಅಗತ್ಯಕ್ಕೆ ವೈದ್ಯರ ಬರಹ ಪಡೆದು, ಬಿಲ್ಲನ್ನು ಆಕೆಯ ಹೆಸರಿನಲ್ಲೇ ಮಾಡಿಸುವುದು ಲೇಸು. 2022ರಿಂದ, ಕಿವಿ ಅಷ್ಟಾಗಿ ಕೆಟ್ಟಿರದ ವಯಸ್ಕರು ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಯಂತ್ರ ಕೊಳ್ಳಲೂ ಅವಕಾಶವಾಗಿದೆ.

ಇಷ್ಟನ್ನೂ ನಾನು ಮಿತ್ರರಿಗೆ ಬರೆದೆ. ಈ ಕಲಮು ತಾನಾಗಿ ಯಾರ ಬಾಗಿಲಿಗೂ ಬರುವುದಿಲ್ಲ. ಬಿಲ್ಲು ಹಿಡಿದು ಕೇಳಿದವರಿಗೆ ಮಾತ್ರ ಅದು ಫಲ ಕೊಡುತ್ತದೆ. ಆದರೆ ಯಾರಿಗಾಗಿ ಅದನ್ನು ಮಾಡಿದರೋ ಅವರಿಗೆ ದೂರವಾಣಿಯ ಮಾತೂ ಕೇಳಿಸದು, ಗುಮಾಸ್ತನ ಪ್ರಶ್ನೆಯೂ ಕೇಳಿಸದು. ಅವರ ಪರವಾಗಿ ಕಚೇರಿಗೆ ಹೋಗಿ ಕೇಳುವವರೊಬ್ಬರು ಬೇಕು. ಅಂಥವರನ್ನು ಒದಗಿಸುವ ಕಲಮನ್ನು 1965ರವರೂ ಬರೆಯಲಿಲ್ಲ, 1988ರವರೂ ಬರೆಯಲಿಲ್ಲ. ಅದು ಮಕ್ಕಳ ಕೆಲಸ. ಮಕ್ಕಳಿಲ್ಲದ ಕಡೆ ನೆರೆಹೊರೆಯವರದು.